ರೋಗವಿಲ್ಲದ ರೋಗಿ

ಚಿತ್ರದುರ್ಗದಿಂದ ಹೊಸಪೇಟೆಯ ಕಡೆಗೆ ಹೊರಟ ಪ್ರಯಾಣಿಕನಿಗೆ, ಕೂಡ್ಲಿಗಿ ಇನ್ನೂ ಮುಂದಿರುವಾಗಲೇ, ಹೆದ್ದಾರಿಯ ಮಗ್ಗುಲಲ್ಲಿ ಕಾನಹೊಸಹಳ್ಳಿ ಸಿಗುತ್ತದೆ. ಮೊದಲು ಬಳ್ಳಾರಿ ಜಿಲ್ಲೆಗೂ ೨೦೨೧ರಿಂದ ಈಚೆಗೆ ವಿಜಯನಗರ ಜಿಲ್ಲೆಗೂ ಸೇರಿದ ಹೋಬಳಿಯ ಊರು. ಸುತ್ತಲೂ ಮಳೆಯನ್ನೇ ನಂಬಿದ ಹೊಲಗಳು. ಜೋಳ, ಶೇಂಗಾ, ಮೆಕ್ಕೆಜೋಳ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಗಂಡಸರು ಗಂಟುಮೂಟೆ ಕಟ್ಟಿ ಬೆಂಗಳೂರಿನ ಗಾರೆ ಕೆಲಸಕ್ಕೆ ಹೊರಡುವರು. ಕೆಲವರು ಲಾರಿ ಹತ್ತುವರು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಈ ರಸ್ತೆ ಹಿಂದೆ ೧೩ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯೆನಿಸಿತ್ತು. ಈಗ ಈ ಭಾಗದ ಸಂಖ್ಯೆ ೫೦. ಅದಿರಿನ ವ್ಯಾಪಾರ ಏರಿದ್ದ ಕಾಲದಲ್ಲಿ, ಅಂದರೆ ೨೦೧೧ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳಿಗೆ ತಡೆಯೊಡ್ಡುವವರೆಗೆ, ಸೊಂಡೂರು ಹೊಸಪೇಟೆಗಳ ಕೆಂಪು ಧೂಳು ಹೊತ್ತ ಲಾರಿಗಳು ಹಗಲಿರುಳೆನ್ನದೆ ಈ ದಾರಿಯಾಗಿ ಕರಾವಳಿಯ ಬಂದರಿಗೆ ಸಾಗಿದುವು.

ಇಂಥ ರಸ್ತೆಗಳ ಮೇಲೆ ಏಡ್ಸ್ ನಿಯಂತ್ರಣದವರ ಕಣ್ಣು ಬಹುಕಾಲದಿಂದ ಇದೆ. ಮನೆಯಿಂದ ತಿಂಗಳುಗಟ್ಟಲೆ ದೂರ ಇರುವ ಲಾರಿ ಚಾಲಕರು, ವಲಸೆ ಹೋಗುವ ಕೂಲಿಕಾರರು ಇವರನ್ನು ಮೊದಲು ತಲುಪಬೇಕೆಂದು ಸರ್ಕಾರದ ಯೋಜನೆಗಳು ಹೇಳುತ್ತ ಬಂದಿವೆ. ೨೦೦೩ರಲ್ಲಿ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ‘ಅವಾಹನ್’ ಎಂಬ ಯೋಜನೆ ಆರಂಭವಾದಾಗ ಅದು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಾಷ್ಟ್ರೀಯ ಹೆದ್ದಾರಿಗಳ ಲಾರಿ ನಿಲ್ದಾಣಗಳು ಅದರ ಕೆಲಸದ ಬಯಲುಗಳಾಗಿದ್ದುವು. ರೋಗವನ್ನು ತಡೆಯುವ ಆ ಕತೆಯನ್ನು ಓದುಗರು ಅಲ್ಲಿ ಇಲ್ಲಿ ಕೇಳಿರಬಹುದು. ಅದರ ನೆರಳಿನಲ್ಲಿ ಬೆಳೆದ ಮತ್ತೊಂದು ಸಂಕಟದ ಕತೆಯನ್ನು ಹೇಳುವವರು ಕಡಿಮೆ. ರೋಗ ಅಂಟದವರನ್ನು ಕಾಡುವ ರೋಗಭೀತಿಯೇ ಆ ಸಂಕಟ.

ಈ ಸೀಮೆಯ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತಾರರ ಪ್ರಾಯ, ಮದುವೆಯ ಮಾತುಕತೆ ನಡೆದಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಗೆಳೆಯರ ಜೊತೆಗೂಡಿ, ಹೋಗಬಾರದೆಂದು ತಾನೇ ನಂಬಿದ್ದ ಕಡೆಗೆ ಒಮ್ಮೆ ಹೋದ. ಎಚ್ಚರಿಕೆ ತಪ್ಪಿರಲಿಲ್ಲ, ನಿರೋಧ್ ಧರಿಸಿದ್ದ, ಅದು ಹರಿಯಲಿಲ್ಲ, ಜಾರಲಿಲ್ಲ. ಮೂರು ದಿನ ನಿಶ್ಚಿಂತೆ. ನಾಲ್ಕನೆಯ ರಾತ್ರಿ ಎಚ್ಚರವಾದಾಗ, ಕಣ್ಣಿಗೆ ಕಾಣದ ಸಣ್ಣ ರಂಧ್ರವೊಂದು ಅದರಲ್ಲಿ ಇದ್ದಿದ್ದರೆ? ಎಂಬ ಪ್ರಶ್ನೆ ಎದ್ದಿತು. ಹದಿನೈದನೆಯ ದಿನ ಗಂಟಲು ಕೆರೆಯಿತು. ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿದರೆ ಬೆಳ್ಳಗೆ ಕಾಣುತ್ತದೆ. ಕತ್ತಿನಲ್ಲಿ ಗಂಟು ಇದೆಯೇ ಎಂದು ಒತ್ತಿ ಒತ್ತಿ ಅಲ್ಲಿ ನೋವನ್ನೇ ತಂದುಕೊಂಡ. ಹಬ್ಬಕ್ಕೆ ಊರಿಗೆ ಬಂದವನ ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. “ಯಾಕಪ್ಪಾ, ಮೈಯಾಗ ಆರಾಮಿಲ್ಲೇನು? ಎಷ್ಟು ಸೊರಗೀಯಲ್ಲೋ” ಎಂದು ತಾಯಿ ಕೇಳಿದಳು. ಅವಳ ಆ ಮಾತೇ ಅವನ ಪಾಲಿಗೆ ಮತ್ತೊಂದು ರೋಗಲಕ್ಷಣವಾಯಿತು.

ಪೇಟೆಯ ಖಾಸಗಿ ಪ್ರಯೋಗಶಾಲೆಯಲ್ಲಿ ಬೇರೆ ಹೆಸರು ಹೇಳಿ ರಕ್ತ ಕೊಟ್ಟ. ಇಲ್ಲವೆಂದು ಬಂತು. ಒಂದು ರಾತ್ರಿ ನಿದ್ರೆ ಹತ್ತಿತು. ಮರುದಿನ, ಪರೀಕ್ಷೆಯನ್ನು ಬೇಗ ಮಾಡಿಸಿಬಿಟ್ಟೆನೇನೋ ಎಂಬ ಸಂಶಯ. ಮತ್ತೊಂದು ಪ್ರಯೋಗಶಾಲೆ, ಮತ್ತೊಂದು ಚೀಟಿ. ಹೀಗೆ ಐದಾರು ಚೀಟಿಗಳು ಟ್ರಂಕಿನ ತಳದಲ್ಲಿ ಸೇರಿದುವು. ಕೂಲಿಯ ಹಣ ಕರಗಿತು. ನಿಶ್ಚಿತಾರ್ಥವನ್ನು ಮುಂದೂಡಲು ಅವನು ಹುಡುಕಿದ ನೆಪಗಳಿಂದ ಎರಡು ಮನೆಗಳ ನಡುವೆ ಮನಸ್ತಾಪ ಹುಟ್ಟಿತು.

ಈ ತರುಣ ಕಲ್ಪನೆಯವನು. ಅವನ ಕಾಹಿಲೆ ಕಲ್ಪನೆಯದಲ್ಲ. ಏಡ್ಸ್ ಎಂಬ ಹೆಸರು ಲೋಕಕ್ಕೆ ಹೊಸದಾಗಿದ್ದಾಗಲೇ, ೧೯೮೫ರಲ್ಲಿ, ಬ್ರಿಟನ್ನಿನ ವೈದ್ಯರು ಇದನ್ನು ‘ಹುಸಿ ಏಡ್ಸ್’ ಎಂದು ಕರೆದು ಮನೋವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಭಯದಿಂದಲೇ ಹಸಿವು ಅಡಗಿ ತೂಕ ಇಳಿಯುತ್ತದೆ, ನಿದ್ರೆ ಕೆಟ್ಟು ಸುಸ್ತಾಗುತ್ತದೆ, ರಾತ್ರಿ ಮೈ ಬೆವರುತ್ತದೆ, ಹೊಟ್ಟೆ ಕೆಡುತ್ತದೆ. ಏಡ್ಸ್‌ನ ಲಕ್ಷಣಗಳೆಂದು ಜನ ಓದಿ ತಿಳಿದಿರುವುದೂ ಬಹುಮಟ್ಟಿಗೆ ಇವೇ ಅಲ್ಲವೆ? ಕಳ್ಳನು ಪೊಲೀಸಿನವನ ಉಡುಪು ತೊಟ್ಟು ಬಂದಂತೆ ಭಯವು ರೋಗದ ವೇಷ ಧರಿಸಿ ಬರುತ್ತದೆ.

ನಮ್ಮ ನಾಡಿನಲ್ಲಿ ಈ ಭೀತಿಗೆ ಮೊದಲೇ ಅಣಿಯಾಗಿದ್ದ ಮನೆಯೊಂದು ಇತ್ತು. ‘ಧಾತು’ ನಷ್ಟವಾಗಿ ದೇಹ ಕ್ಷಯಿಸುತ್ತದೆಂಬ ಹೆದರಿಕೆಯಿಂದ ಬಳಲುವ ತರುಣರ ಸ್ಥಿತಿಗೆ ಡಾಕ್ಟರ್ ನರೇಂದ್ರನಾಥ ವಿಗ್ ಅವರು ೧೯೬೦ರಲ್ಲಿಯೇ ಒಂದು ಹೆಸರು ಕೊಟ್ಟಿದ್ದರು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ’ಗಳ ವೈದ್ಯರು ಬರೆಸಿದ ಜಾಹೀರಾತುಗಳನ್ನು ಓದುತ್ತ ಬೆಳೆದ ಹುಡುಗನಿಗೆ, ದೇಹಸುಖಕ್ಕೆ ದೇಹವೇ ದಂಡ ತೆರಬೇಕೆಂಬ ನಂಬಿಕೆ ಹೊಸದೇನೂ ಆಗಿರಲಿಲ್ಲ. ಆ ಹಳೆಯ ಮನೆಗೆ ಏಡ್ಸ್‌ನ ಭಯ ಹೊಸ ಬಾಡಿಗೆದಾರನಾಗಿ ಬಂದಿತು.

ಅದು ಬಂದ ರೀತಿಯೂ ಹಾಗೆಯೇ ಇತ್ತು. ೧೯೮೬ರಲ್ಲಿ ಮದರಾಸಿನ ವೈದ್ಯಕೀಯ ಕಾಲೇಜಿನ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ನೂರು ಮಂದಿ ಲೈಂಗಿಕ ವೃತ್ತಿಯ ಸ್ತ್ರೀಯರ ರಕ್ತವನ್ನು ಸಂಗ್ರಹಿಸಿ ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಆರರಲ್ಲಿ ಎಚ್.ಐ.ವಿ. ಕಂಡುಬಂದಿತು. ಭಾರತಕ್ಕೆ ಈ ರೋಗದ ಪರಿಚಯವಾದದ್ದು ಅಂದು. ಸಂಶೋಧಕರು ಮಾಡಿದ್ದು ವಿಜ್ಞಾನದ ಕೆಲಸ. ಲೋಕ ಅದರಿಂದ ತೆಗೆದುಕೊಂಡದ್ದು ಒಂದು ತೀರ್ಪು. ಈ ರೋಗ ‘ಅಂಥವರ’ ರೋಗ, ಪಾಪದ ಫಲ ಎಂಬ ಮಾತು ಊರೂರು ತಿರುಗಿತು. ಆರಂಭದ ವರ್ಷಗಳ ಪ್ರಚಾರವೂ ಸಾವಿನ ಹೆದರಿಕೆಯನ್ನೇ ನೆಚ್ಚಿಕೊಂಡಿತ್ತು. ಬ್ರಿಟನ್ನಿನ ಸರ್ಕಾರ ೧೯೮೭ರಲ್ಲಿ ಗೋರಿಕಲ್ಲಿನ ಚಿತ್ರವನ್ನೇ ಜಾಹೀರಾತಿನಲ್ಲಿ ತೋರಿಸಿತು. ಔಷಧವಿಲ್ಲದ ಆ ಕಾಲದಲ್ಲಿ ಅದಕ್ಕೊಂದು ಕಾರಣವಿತ್ತೆಂದು ಒಪ್ಪೋಣ. ಔಷಧ ಬಂದ ಮೇಲೂ ಗೋರಿಕಲ್ಲು ಮಾತ್ರ ಜನರ ಮನಸ್ಸಿನಿಂದ ಕದಲಲಿಲ್ಲ.

ಈಗ ತರುಣನ ನಾಲ್ಕನೆಯ ರಾತ್ರಿಯ ಪ್ರಶ್ನೆಗೆ ಬರೋಣ. ರಬ್ಬರಿನ ಆ ತೆಳು ಹೊದಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ನಮ್ಮ ದೇಶದಲ್ಲಿ ಸರ್ಕಾರ ‘ನಿರೋಧ್’ ಎಂಬ ಹೆಸರಿನಲ್ಲಿ ಅದನ್ನು ಅಗ್ಗದ ಬೆಲೆಗೆ ಮಾರಲು ತೊಡಗಿದ್ದು ೧೯೬೮ರಲ್ಲಿ. ಮೂರಕ್ಕೆ ಹದಿನೈದು ಪೈಸೆ. ಚಹ, ಸಾಬೂನು ಮಾರುವ ದೊಡ್ಡ ಕಂಪೆನಿಗಳ ಗಾಡಿಗಳಲ್ಲಿಯೇ ಅದು ಹಳ್ಳಿಯಂಗಡಿಗಳನ್ನು ತಲುಪಿತು. ಮರುವರ್ಷ ತಿರುವನಂತಪುರದ ಹಿಂದುಸ್ತಾನ್ ಲೇಟೆಕ್ಸ್ ಕಾರ್ಖಾನೆ ಅದರ ತಯಾರಿಕೆಗೆ ಕೈಹಾಕಿತು. ಆಗಿನ ಗುರಿ ಕುಟುಂಬ ಯೋಜನೆ. ಕೆಂಪು ತ್ರಿಕೋನದ ಆ ಗುರುತು ಹಿರಿಯ ಓದುಗರಿಗೆ ನೆನಪಿದ್ದೀತು. ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ವಿದ್ಯುತ್ತಿನ ಸಹಾಯದಿಂದ ರಂಧ್ರಪರೀಕ್ಷೆಗೆ ಒಳಪಡಿಸುತ್ತಾರೆ. ಪ್ರತಿ ರಾಶಿಯಿಂದಲೂ ಕೆಲವನ್ನು ತೆಗೆದು, ನೀರು ತುಂಬಿ, ಗಾಳಿ ಊದಿ ನೋಡುತ್ತಾರೆ. ಹರಿಯದ ಹೊದಿಕೆಯ ಮೂಲಕ ವೈರಾಣು ದಾಟಲಾರದು. ಎಣ್ಣೆ ರಬ್ಬರನ್ನು ಸಡಿಲಗೊಳಿಸುತ್ತದೆ. ಆದುದರಿಂದ ಕೊಬ್ಬರಿ ಎಣ್ಣೆ ಮುಂತಾದುವನ್ನು ಬಳಸಬಾರದು. ಬಿಸಿಲಿನಲ್ಲಿ, ಜೇಬಿನ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಹರಿಯಬಹುದು. ಹರಿದರೆ ಅದು ಗೊತ್ತಾಗುವಂತೆಯೇ ಹರಿಯುತ್ತದೆ. ಕಣ್ಣಿಗೆ ಕಾಣದ ಗುಟ್ಟಿನ ರಂಧ್ರ ಎಂಬುದು ನಿದ್ರೆಗೆಟ್ಟ ಮನಸ್ಸಿನ ಸೃಷ್ಟಿ.

ಇದಕ್ಕೆ ಲೆಕ್ಕದ ಆಧಾರವೂ ಉಂಟು. ೧೯೯೪ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆ ಯುರೋಪಿನ ಹಲವು ದೇಶಗಳ ದಂಪತಿಗಳ ಅಧ್ಯಯನವೊಂದನ್ನು ಪ್ರಕಟಿಸಿತು. ಪ್ರತಿ ಜೋಡಿಯಲ್ಲಿಯೂ ಒಬ್ಬರಿಗೆ ಎಚ್.ಐ.ವಿ. ಇತ್ತು, ಇನ್ನೊಬ್ಬರಿಗೆ ಇರಲಿಲ್ಲ. ಇವರಲ್ಲಿ ಪ್ರತಿ ಸಲವೂ ತಪ್ಪದೆ ಹೊದಿಕೆ ಬಳಸಿದ ಜೋಡಿಗಳು ೧೨೪; ಒಟ್ಟು ಸಂಪರ್ಕಗಳು ಸುಮಾರು ೧೫,೦೦೦. ಹೊಸದಾಗಿ ಸೋಂಕು ತಗಲಿದವರು ಒಬ್ಬರೂ ಇಲ್ಲ. ಒಮ್ಮೆ ಬಳಸಿ ಒಮ್ಮೆ ಬಿಟ್ಟ ೧೨೧ ಜೋಡಿಗಳಲ್ಲಿ ಹನ್ನೆರಡು ಮಂದಿಗೆ ಸೋಂಕು ತಗಲಿತು. ಇಲ್ಲಿ ಜೊತೆಯವರಿಗೆ ರೋಗವಿದ್ದದ್ದು ಖಚಿತವಾಗಿತ್ತು, ಸಂಪರ್ಕ ತಿಂಗಳು ವರ್ಷಗಳ ಕಾಲ ನಡೆದಿತ್ತು. ಆದರೂ ಹದಿನೈದು ಸಾವಿರದಲ್ಲಿ ಒಂದೂ ಇಲ್ಲ! ಒಂದೇ ಒಂದು ಸಲದ, ಹೊದಿಕೆ ಹರಿಯದ ಸಂಪರ್ಕಕ್ಕಾಗಿ ಆರು ತಿಂಗಳು ನಿದ್ರೆ ಬಿಟ್ಟ ತರುಣ ಈ ಸಂಖ್ಯೆಯ ಮುಂದೆ ಒಂದು ಗಳಿಗೆ ಕುಳಿತು ಯೋಚಿಸಬೇಕು.

ಹೊದಿಕೆಯೇ ಇಲ್ಲದಿದ್ದರೂ, ಸೋಂಕಿರುವ ಸ್ತ್ರೀಯಿಂದ ಪುರುಷನಿಗೆ ಒಂದು ಸಂಪರ್ಕದಲ್ಲಿ ರೋಗ ದಾಟುವ ಸಂಭವ ಹತ್ತು ಸಾವಿರಕ್ಕೆ ನಾಲ್ಕರಷ್ಟು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರ ಅಂದಾಜು. ಪುರುಷನಿಂದ ಸ್ತ್ರೀಗೆ ಅದರ ಇಮ್ಮಡಿ. ಈ ಅಂಕಿಗಳನ್ನು ಕಂಡು ಯಾರೂ ಹೊದಿಕೆಯನ್ನು ಬಿಸಾಡುವ ಕಾರಣವಿಲ್ಲ: ಆ ನಾಲ್ಕರಲ್ಲಿ ತಾನು ಒಬ್ಬನಾಗುವೆನೋ ಇಲ್ಲವೋ ಯಾರಿಗೂ ತಿಳಿಯದು, ದೇಹದಲ್ಲಿ ಹುಣ್ಣಿದ್ದರೆ ಸಂಭವ ಹೆಚ್ಚುತ್ತದೆ. ಅಲ್ಲದೆ ಪರಂಗಿಹುಣ್ಣು, ಸರ್ಪಸುತ್ತಿನ ಜಾತಿಯ ಜನನಾಂಗದ ಗುಳ್ಳೆ ಮುಂತಾದುವು ಹೊದಿಕೆ ಮುಚ್ಚದ ಚರ್ಮದಿಂದಲೂ ಅಂಟಬಲ್ಲವು. ಹುಣ್ಣು, ಉರಿ, ಸ್ರಾವ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಭೀತಿಯಲ್ಲಿ ಬಿದ್ದವನು ಇವನ್ನೆಲ್ಲ ಮರೆತು ಏಡ್ಸ್ ಒಂದನ್ನೇ ಜಪಿಸುತ್ತಿರುವುದು ವಿಚಿತ್ರ.

ಹೊದಿಕೆ ಹರಿದೇ ಹೋದರೆ ಏನು ಗತಿ? ಆಗ ಕಾಯುತ್ತ ಕೂರಬಾರದು. ಸಂಪರ್ಕವಾದ ೭೨ ಗಂಟೆಗಳೊಳಗೆ, ಸಾಧ್ಯವಾದರೆ ಅದೇ ದಿನ, ದೊಡ್ಡ ಆಸ್ಪತ್ರೆಗೆ ಹೋಗಿ ವೈದ್ಯರಿಗೆ ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು. ಅಗತ್ಯವೆಂದು ಕಂಡರೆ ಅವರು ೨೮ ದಿನಗಳ ಮಾತ್ರೆಗಳನ್ನು ಕೊಡುವರು. ಬೇಗ ಆರಂಭಿಸಿದಷ್ಟೂ ಅವು ಸೋಂಕು ನೆಲೆಯೂರದಂತೆ ತಡೆಯಬಲ್ಲವು. ಮೂರು ದಿನ ಕಳೆದ ಮೇಲೆ ಆ ಬಾಗಿಲು ಮುಚ್ಚಿದಂತೆಯೇ. ನಾಚಿಕೆಯಿಂದ ಬಾಯಿ ಬಿಡದವರು ಕಳೆದುಕೊಳ್ಳುವುದು ಈ ಮೂರು ದಿನಗಳನ್ನೇ.

ಇನ್ನು ರಕ್ತಪರೀಕ್ಷೆ. ತರುಣನಿಗೆ ಒಂದು ಸಂಶಯ ನ್ಯಾಯವಾಗಿಯೇ ಬಂದಿತ್ತು: ಪರೀಕ್ಷೆ ಬೇಗವಾಯಿತೇ? ವೈರಾಣು ಒಳಹೊಕ್ಕ ಮರುದಿನವೇ ಪರೀಕ್ಷೆಗೆ ಸಿಗುವುದಿಲ್ಲ. ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಲು ಕೆಲವು ವಾರ ಬೇಕು. ವೈರಾಣುವಿನ ಒಂದು ಭಾಗವನ್ನೂ ಪ್ರತಿಕಾಯವನ್ನೂ ಒಟ್ಟಿಗೆ ಹುಡುಕುವ ನಾಲ್ಕನೆಯ ತಲೆಮಾರಿನ ಪ್ರಯೋಗಶಾಲೆಯ ಪರೀಕ್ಷೆ ೪೫ ದಿನಗಳ ಹೊತ್ತಿಗೆ ನಿರ್ಣಾಯಕವೆನ್ನಿಸುತ್ತದೆ. ಬೆರಳ ತುದಿಯ ರಕ್ತದಿಂದ ಮಾಡುವ ಶೀಘ್ರಪರೀಕ್ಷೆಗಾದರೆ ಮೂರು ತಿಂಗಳು. ಆ ಅವಧಿ ಕಳೆದ ಮೇಲೆ ‘ಇಲ್ಲ’ ಎಂದು ಬಂದರೆ, ನಡುವೆ ಬೇರೆ ಸಂಪರ್ಕವಿಲ್ಲದಿದ್ದಲ್ಲಿ, ಆ ಸಂಗತಿ ಅಲ್ಲಿಗೆ ಮುಗಿಯಿತು. ಆರನೆಯ ತಿಂಗಳು ಒಮ್ಮೆ, ವರ್ಷಕ್ಕೊಮ್ಮೆ, ಮದುವೆಗೆ ಮುನ್ನ ಒಮ್ಮೆ ಎಂದು ಅದೇ ರಾತ್ರಿಗಾಗಿ ಮತ್ತೆ ಮತ್ತೆ ರಕ್ತ ಕೊಡುವುದರಿಂದ ತಿಳಿದುಬರುವ ಹೊಸ ಸಂಗತಿ ಯಾವುದೂ ಇಲ್ಲ.

ಹಾಗೆ ರಕ್ತ ಕೊಡುತ್ತ ಹೋಗುವುದರಲ್ಲಿ ಅಪಾಯವೇ ಇದೆಯೆನ್ನಬಹುದು. ದೇಶದ ವಯಸ್ಕರಲ್ಲಿ ಎಚ್.ಐ.ವಿ. ಇರುವವರು ಸಾವಿರಕ್ಕೆ ಸುಮಾರು ಇಬ್ಬರೆಂದು ೨೦೨೧ರ ಸರ್ಕಾರಿ ಅಂದಾಜು. ಕರ್ನಾಟಕದಲ್ಲಿ ಅದರ ಇಮ್ಮಡಿ. ಇಷ್ಟು ವಿರಳವಾದ ರೋಗವನ್ನು ಹುಡುಕುವಾಗ, ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಎಲ್ಲೋ ಒಮ್ಮೆ ರೋಗವಿಲ್ಲದವನಲ್ಲಿಯೂ ‘ಇದೆ’ ಎಂದು ಹೇಳಿಬಿಡಬಹುದು. ಆ ಕಾರಣದಿಂದಲೇ ಸರ್ಕಾರಿ ಕೇಂದ್ರಗಳಲ್ಲಿ ಒಂದೇ ಪರೀಕ್ಷೆಯ ಮಾತಿಗೆ ಯಾರನ್ನೂ ಸೋಂಕಿತರೆಂದು ಕರೆಯುವುದಿಲ್ಲ. ಬೇರೆ ಬೇರೆ ಬಗೆಯ ಮೂರು ಪರೀಕ್ಷೆಗಳು ಒಂದೇ ಮಾತು ಹೇಳಬೇಕು. ಖಾಸಗಿ ಅಂಗಡಿಯಲ್ಲಿ ಒಂದೇ ಪಟ್ಟಿಯ ಪರೀಕ್ಷೆಯಲ್ಲಿ ಎರಡನೆಯ ಗೆರೆ ಮಸುಕಾಗಿ ಕಂಡಿತೆಂದು ಜೀವಕ್ಕೇ ಎರವಾಗಲು ಹೊರಡುವವನಿಗೆ ಈ ವಿವರವನ್ನು ಯಾರು ಹೇಳಬೇಕು?

ಅದನ್ನು ಹೇಳುವುದಕ್ಕೆಂದೇ ಒಬ್ಬರು ಇದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಜನ ಅದನ್ನು ‘ಐಸಿಟಿಸಿ’ ಎಂದೇ ಕರೆಯುತ್ತಾರೆ. ಅಲ್ಲಿ ಪರೀಕ್ಷೆಗೆ ಹಣವಿಲ್ಲ. ರಕ್ತ ತೆಗೆಯುವ ಮೊದಲೂ ಫಲಿತಾಂಶ ಬಂದ ಮೇಲೂ ಆಪ್ತಸಮಾಲೋಚಕರು ಬಾಗಿಲು ಮುಚ್ಚಿಕೊಂಡು ಮಾತನಾಡುತ್ತಾರೆ. ಆ ಮಾತೇ ಖಾಸಗಿ ಅಂಗಡಿಯ ಚೀಟಿಯಲ್ಲಿ ಇಲ್ಲದ್ದು. ‘ಯಾವ ದಿನ? ಏನು ಬಳಸಿದಿರಿ? ಹರಿಯಿತೇ?’ ಎಂದು ಕೇಳಿ, ಉತ್ತರವನ್ನು ಮುಖ ಸಿಂಡರಿಸದೆ ಆಲಿಸುವವರೊಬ್ಬರು ಸಿಕ್ಕಿದರೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ. ಊರಿನ ಪರಿಚಯದವರು ನೋಡಿಯಾರೆಂಬ ಅಳುಕಿದ್ದರೆ ಬೇರೆ ತಾಲ್ಲೂಕಿನ, ಇಲ್ಲವೆ ಜಿಲ್ಲೆಯ ಕೇಂದ್ರಕ್ಕೆ ಹೋಗಲು ಅಡ್ಡಿಯಿಲ್ಲ. ಕದಲದೆ ಕೇಳುವುದಾದರೆ ೧೦೯೭ ಎಂಬ ದೂರವಾಣಿ ಸಂಖ್ಯೆಯಿದೆ. ಅದಕ್ಕೂ ಹಣ ಕೊಡಬೇಕಾಗಿಲ್ಲ. ಗುಟ್ಟು ಕಾಯುವುದು ಈಗ ಬರೀ ಸೌಜನ್ಯವಾಗಿ ಉಳಿದಿಲ್ಲ. ೨೦೧೭ರಲ್ಲಿ ಸಂಸತ್ತು ಅಂಗೀಕರಿಸಿ ೨೦೧೮ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ ಮೇರೆಗೆ, ವ್ಯಕ್ತಿಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಅವನ ಸ್ಥಿತಿಯನ್ನು ಬೇರೆಯವರಿಗೆ ತಿಳಿಸುವಂತಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳಲು ಪರೀಕ್ಷೆಯನ್ನು ಷರತ್ತಾಗಿ ಒಡ್ಡುವಂತಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಕೆಲವರ ಭಯ ಹೋಗುವುದಿಲ್ಲ. ಅಂಥವರು ಹಟಮಾರಿಗಳೆಂದೂ ದಡ್ಡರೆಂದೂ ಮನೆಯವರು ಬೇಸರಪಡುವುದುಂಟು. ಮನೋವೈದ್ಯರ ವಿವರಣೆ ಬೇರೆ. ಪ್ರತಿ ಪರೀಕ್ಷೆಯೂ ಒಂದು ಗಳಿಗೆಯ ನೆಮ್ಮದಿ ಕೊಡುತ್ತದೆ; ನೆಮ್ಮದಿ ಬೇಕಾದಾಗಲೆಲ್ಲ ಪರೀಕ್ಷೆ ಬೇಕೆಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ತುರಿಗಜ್ಜಿಯನ್ನು ಕೆರೆದಂತೆ: ಕೆರೆದಾಗ ಹಿತ, ಆಮೇಲೆ ತುರಿಕೆ ಇಮ್ಮಡಿ. ನಾಲಗೆ ನೋಡಿಕೊಳ್ಳುವುದು, ಕತ್ತಿನ ಗಂಟು ಒತ್ತುವುದು, ಮೊಬೈಲಿನಲ್ಲಿ ಲಕ್ಷಣಗಳನ್ನು ಹುಡುಕುವುದು, ಗೆಳೆಯನನ್ನು ‘ಏನೂ ಆಗಿರಲಾರದಲ್ಲವೆ?’ ಎಂದು ನೂರು ಸಲ ಕೇಳುವುದು, ಎಲ್ಲವೂ ಅದೇ ಕೆರೆತ. ಚಿಕಿತ್ಸೆಯೆಂದರೆ ಕೆರೆಯದೆ ಇರುವುದನ್ನು ಕ್ರಮವಾಗಿ ಕಲಿಸುವುದು. ಅಗತ್ಯ ಬಿದ್ದರೆ ಮಾತ್ರೆಗಳ ನೆರವನ್ನೂ ಪಡೆಯುವುದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ ೧೪೪೧೬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ.

ಅನೇಕರಲ್ಲಿ ಭಯದ ಬೇರು ವೈರಾಣುವಿನಲ್ಲಿ ಇರುವುದೇ ಇಲ್ಲ. ಬೇರಿರುವುದು ಆ ಒಂದು ರಾತ್ರಿಯ ಪಶ್ಚಾತ್ತಾಪದಲ್ಲಿ. ತಾಯಿಯ ಮುಖ, ನಿಶ್ಚಯವಾದ ಹುಡುಗಿಯ ಮುಖ, ಇಲ್ಲವೆ ಮನೆಯಲ್ಲಿ ಕಾದಿರುವ ಹೆಂಡತಿಯ ಮುಖ ಎದುರಾದಾಗಲೆಲ್ಲ ಅದು ಏಳುತ್ತದೆ. ಮಾಡಿದ್ದು ತಪ್ಪೆಂದು ಒಬ್ಬನಿಗೆ ಅನ್ನಿಸಿದರೆ ಅದು ಅವನ ಅಂತಃಕರಣದ ಮಾತು. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಅಂತಃಕರಣದ ಲೆಕ್ಕವನ್ನು ರಕ್ತದಲ್ಲಿ ಹುಡುಕಿದರೆ ಸಿಕ್ಕುವುದೆಂತು? ಆ ಪ್ರಶ್ನೆಗೆ ಯಾವ ಪ್ರಯೋಗಶಾಲೆಯೂ ‘ಇಲ್ಲ’ ಎಂದು ಬರೆದುಕೊಡಲಾರದು. ಪಶ್ಚಾತ್ತಾಪದಿಂದ ಬೆಂದ ಗಂಡ ತಾನಾಗಿಯೇ ಹೆಂಡತಿಯಿಂದ ದೂರವಾಗಿ ಬೇರೆ ಮಲಗತೊಡಗಿದರೆ, ಕಾರಣ ತಿಳಿಯದ ಆಕೆ ತನ್ನಲ್ಲಿಯೇ ಏನೋ ಕೊರತೆಯೆಂದು ಕೊರಗುತ್ತಾಳೆ. ಕಾಹಿಲೆಯಿಲ್ಲದ ಮನೆಯಲ್ಲಿ ಇಬ್ಬರು ಕಾಹಿಲೆಯವರಾಗುವುದು ಹೀಗೆ.

ಇವರೆಲ್ಲರೂ ಬಲ್ಲವರಂತೆ ಆಡುವ ‘ಬಂದರೆ ಸಾವೇ’ ಎಂಬ ಮಾತಿಗೂ ಈಗ ಕಾಲ ತೀರಿದೆ. ೨೦೦೪ರ ಏಪ್ರಿಲ್ ೧ರಿಂದ ಸರ್ಕಾರ ಈ ರೋಗಕ್ಕೆ ಉಚಿತವಾಗಿ ಔಷಧ ಕೊಡತೊಡಗಿತು. ೨೦೧೭ರಿಂದ ಸೋಂಕು ಪತ್ತೆಯಾದ ಪ್ರತಿಯೊಬ್ಬರಿಗೂ ತಡಮಾಡದೆ ಕೊಡಲಾಗುತ್ತಿದೆ. ದಿನವೂ ತಪ್ಪದೆ ಮಾತ್ರೆ ನುಂಗುವವರು ಇತರರಂತೆಯೇ ದುಡಿಯುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಅಡಗಿದವರಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದು ಕಳೆದ ದಶಕದ ದೊಡ್ಡ ಅಧ್ಯಯನಗಳು ತೋರಿಸಿವೆ. ಇಂಥ ಔಷಧದ ಕೇಂದ್ರಗಳು ಬಳ್ಳಾರಿಯಲ್ಲಿಯೂ ಹೊಸಪೇಟೆಯಲ್ಲಿಯೂ ಇವೆ.

ಆ ಕೇಂದ್ರಗಳ ಸಾಲಿನಲ್ಲಿ ತಿಂಗಳ ಮಾತ್ರೆಗಾಗಿ ನಿಲ್ಲುವವರಲ್ಲಿ ಹೆಂಗಸರೂ ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೊಬ್ಬರನ್ನು ಅರಿಯದವರು. ಸಮಯಕ್ಕೆ ಸರಿಯಾಗಿ ಒಂದು ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿದ್ದ, ಹೊದಿಕೆಯನ್ನು ಎಂದೂ ಮುಟ್ಟದಿದ್ದ ಗಂಡಸರು ನಾಚಿಕೆಯಿಂದಲೋ ಉದಾಸೀನದಿಂದಲೋ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಐದಾರು ಚೀಟಿಗಳನ್ನು ಟ್ರಂಕಿನ ತಳದಲ್ಲಿ ಇಟ್ಟವನಿಗೂ ಒಂದು ಚೀಟಿಯನ್ನೂ ಕಾಣದವನಿಗೂ ತೆರೆದಿರುವ ಬಾಗಿಲು ಒಂದೇ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಹೋದರೆ ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ದೊರೆಯುತ್ತದೆ.